ಪರದೇಶದ ಮೊದಲ ರಮಝಾನ್: ಬಾಗಿಲು ತಟ್ಟಿದ ಮಕ್ಕಳು ಕಲಿಸಿದ ಪಾಠ

ಹೊರದೇಶಕ್ಕೆ ಹೊರಡುವ ಹೆಣ್ಣುಮಗಳ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಸಾರಿನ ಪುಡಿ, ಉಪ್ಪಿನಕಾಯಿ, ಹುಣಸೆಹಣ್ಣು, ಕುಕ್ಕರ್, ಮಕ್ಕಳ ಔಷಧಿ, ಒಂದು ಕುರ್‌ಆನ್, ಒಂದು ಜಾನಮಾಝ್. ಮನೆ ಬಾಡಿಗೆ ಎಷ್ಟು, ಶಾಲೆ ಎಷ್ಟು ದೂರ, ತರಕಾರಿ ಎಲ್ಲಿ ಸಿಗುತ್ತದೆ ಎಂದು ಹತ್ತು ಜನರನ್ನು ವಿಚಾರಿಸುತ್ತೇವೆ. ಆದರೆ ಆ ಊರಿನವರು ಹಬ್ಬವನ್ನು ಹೇಗೆ ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಗಲ್ಫ್‌ಗೆ ಹೋಗುವವರಂತೂ ಕೇಳುವುದೇ ಇಲ್ಲ. 'ಮುಸ್ಲಿಮರ ದೇಶ ತಾನೇ? ನಮ್ಮದೇ ರಮಝಾನ್, ನಮ್ಮದೇ ಈದ್. ಅದರಲ್ಲಿ ಹೊಸದಾಗಿ ಕಲಿಯುವುದೇನಿದೆ?' ಎಂಬ ಧೈರ್ಯ ನಮ್ಮದು.

ನನಗೂ ಆ ಧೈರ್ಯವಿತ್ತು. ಅದಕ್ಕೆ ಸರಿಯಾದ ಹೆಸರು ಜಂಬ ಎಂದು ಆಮೇಲೆ ತಿಳಿಯಿತು. ಮದ್ರಸದಲ್ಲಿ ಓದಿದವಳು, ಮೇಲೆ ಬಿ.ಎ. ಮಾಡಿದವಳು, ನುಗ್ಗೇಹಳ್ಳಿಯ ಹೆಣ್ಣುಮಕ್ಕಳಿಗೆ ಉಪವಾಸದ ಮಸ್‌ಅಲಾಗಳನ್ನು ಹೇಳಿಕೊಟ್ಟವಳು. ರಮಝಾನಿನ ಬಗ್ಗೆ ನನಗೆ ಇನ್ನು ಯಾರು ಕಲಿಸಬೇಕು? ಆ ಜಂಬವನ್ನು ಇಳಿಸಿದವರು ಯಾವ ದೊಡ್ಡ ಆಲಿಮರೂ ಅಲ್ಲ, ಏಳೆಂಟು ವರ್ಷದ ಮಕ್ಕಳು. ಸಹೋದರಿಯರೇ, ಆ ಸಂಗತಿಯನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆ. ಆದರೂ ಹೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ನಾಳೆ ವಿಮಾನ ಹತ್ತುವವರಿದ್ದರೆ ಉಪಯೋಗಕ್ಕೆ ಬಂದೀತು.

ಆ ರಾತ್ರಿ ನಡೆದದ್ದು

2013ರ ಜುಲೈ ತಿಂಗಳು. ಪತಿಯ ಕೆಲಸದ ನಿಮಿತ್ತ ನಾವು ಒಮಾನಿನ ಸೀಬ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಸೀಬ್ ಎಂದರೆ ರಾಜಧಾನಿ ಮಸ್ಕತ್‌ಗೆ ಸೇರಿದ, ಕಡಲ ದಡದ ಊರು. ಸುಮಾರು 15 ಗಂಟೆಯ ಉಪವಾಸ, ಹೊರಗೆ ಬೆಂಕಿಯಂಥ ಸೆಕೆ. ರಮಝಾನ್ ಅರ್ಧಕ್ಕೆ ಬಂದಿತ್ತು. ಅಂದು ಪತಿಗೆ ರಾತ್ರಿ ಪಾಳಿ. ಇಫ್ತಾರ್ ಮುಗಿಸಿ, ಮಗ್ರಿಬ್ ನಮಾಝ್ ಮಾಡಿ, ಪಾತ್ರೆ ತೊಳೆಯುತ್ತಿದ್ದೆ. ನಾಲ್ಕು ವರ್ಷದ ಮಗಳು ಪಕ್ಕದಲ್ಲೇ ಆಡುತ್ತಿದ್ದಳು.

ಇದ್ದಕ್ಕಿದ್ದಂತೆ ಹೊರಗೆ ಕಟಕಟ ಸದ್ದು, ಕಲ್ಲಿಗೆ ಕಲ್ಲು ಬಡಿದ ಹಾಗೆ. ಜೊತೆಗೆ ಮಕ್ಕಳ ಹಾಡು. ಒಂದು ಶಬ್ದವೂ ಅರ್ಥವಾಗಲಿಲ್ಲ. ಬಾಗಿಲನ್ನು ಚೂರು ತೆರೆದು ನೋಡಿದೆ. ಎಂಟು ಹತ್ತು ಮಕ್ಕಳು. ಹುಡುಗಿಯರು ಜರಿಯ ಉಡುಪು ಹಾಕಿದ್ದರು, ಹುಡುಗರು ಬಿಳಿ ನಿಲುವಂಗಿ, ಕಸೂತಿಯ ಟೋಪಿ. ಎಲ್ಲರ ಕೊರಳಲ್ಲೂ ಒಂದೊಂದು ಬಟ್ಟೆಯ ಚೀಲ. ನನ್ನನ್ನು ಕಂಡೊಡನೆ ಚೀಲದ ಬಾಯಿ ಅಗಲಿಸಿ ಮುಂದೆ ಚಾಚಿದರು.

ಭಿಕ್ಷೆಯೇ? ಉಡುಪು ನೋಡಿದರೆ ಅನುಕೂಲಸ್ಥರ ಮಕ್ಕಳು. ಹಾಗಾದರೆ ತುಂಟಾಟವೇ? ರಮಝಾನ್ ರಾತ್ರಿಯಲ್ಲಿ ಇದೆಂಥ ಗಲಾಟೆ? 'ಲಾ, ಲಾ' ಎಂದು ಕೈಯಾಡಿಸಿ ಬಾಗಿಲು ಹಾಕಿಕೊಂಡೆ. "ಅಮ್ಮಿ, ಅವರು ಏನು ಕೇಳಿದ್ರು?" ಎಂದಳು ಮಗಳು. "ಏನೂ ಇಲ್ಲ, ಗಲಾಟೆ ಮಕ್ಕಳು" ಎಂದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಗುಂಪು, ಆಮೇಲೆ ಮತ್ತೊಂದು. ಕೊನೆಗೆ ದೀಪ ಆರಿಸಿ, ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ಕತ್ತಲಲ್ಲಿ ಸುಮ್ಮನೆ ಕುಳಿತುಬಿಟ್ಟೆ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಇದನ್ನೇ ತಮಾಷೆಯ ಸಂಗತಿಯಂತೆ ಅಮ್ಮಿಗೆ ಹೇಳಿದೆ. ಆಕೆ ನಗಲಿಲ್ಲ. ತುಸು ಸುಮ್ಮನಿದ್ದು, "ಬಾಗಿಲಿಗೆ ಬಂದ ಮಕ್ಕಳನ್ನು ಬರಿಗೈಯಲ್ಲಿ ಕಳಿಸಿದೆಯಾ? ಅದೂ ರಮಝಾನಿನಲ್ಲಿ?" ಎಂದು ಕೇಳಿದರು. ನನ್ನ ಅಮ್ಮಿ ಮದ್ರಸಕ್ಕೂ ಹೋದವರಲ್ಲ, ಶಾಲೆಗೂ ಹೋದವರಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಮ್ಮಿಯ ತಟ್ಟೆ

ಅಮ್ಮಿ ಹಾಗೆ ಕೇಳಿದ್ದೇಕೆಂದು ತಿಳಿಯಬೇಕಾದರೆ ನಮ್ಮ ಊರನ್ನು ತಿಳಿಯಬೇಕು. ನುಗ್ಗೇಹಳ್ಳಿ ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲೂಕಿನ ಹೋಬಳಿ ಕೇಂದ್ರ. ಸುತ್ತ ತೆಂಗಿನ ತೋಟಗಳು. ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಇಲ್ಲಿದೆ. ಸದಾಶಿವ ದೇವಾಲಯವೂ ಇದೆ. ಅವನ್ನು ನೋಡಲು ಹೊರಗಿನವರು ಬರುತ್ತಾರೆ. ನಾವು ಚಿಕ್ಕವರಿದ್ದಾಗ ಅವರು ದಾರಿಯಲ್ಲಿ ಸಿಕ್ಕ ಮಕ್ಕಳನ್ನೇ ನಿಲ್ಲಿಸಿ ಕೇಳುತ್ತಿದ್ದರು: ಇವತ್ತು ಏನು ವಿಶೇಷ? ತೇರು ಯಾವಾಗ? ನಾವು ಮುಸ್ಲಿಮರ ಮಕ್ಕಳೂ ತಡವರಿಸದೆ ಹೇಳುತ್ತಿದ್ದೆವು. ಯಾರೂ ಕಲಿಸಿರಲಿಲ್ಲ, ಬೀದಿಯಲ್ಲಿ ಬೆಳೆದದ್ದಕ್ಕೆ ಬಂದಿತ್ತು ಅಷ್ಟೆ.

ಸಂಕ್ರಾಂತಿಯ ಸಂಜೆ ನೆರೆಮನೆಯ ಹುಡುಗಿಯರು ಹೊಸ ಲಂಗ ತೊಟ್ಟು ಎಳ್ಳು ಬೀರಲು ಬರುತ್ತಿದ್ದರು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಒಂದು ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು. ಅಮ್ಮಿ ಅದನ್ನು ತೆಗೆದಿಟ್ಟುಕೊಂಡು, ತಟ್ಟೆಗೆ ಒಂದು ಹಿಡಿ ಸಕ್ಕರೆಯನ್ನೋ ಎರಡು ಬಾಳೆಹಣ್ಣನ್ನೋ ಹಾಕಿಯೇ ಮರಳಿ ಕೊಡುತ್ತಿದ್ದರು. ಖಾಲಿ ತಟ್ಟೆ ನಮ್ಮ ಮನೆಯಿಂದ ಹೋಗುತ್ತಿರಲಿಲ್ಲ. ನಮ್ಮ ಈದ್ ದಿನ ನಮ್ಮಲ್ಲಿ ಉಣ್ಣುವವರಿಗೆ ಶೀರ್ ಖುರ್ಮಾ. ನಮ್ಮ ಅಡುಗೆ ಮುಟ್ಟದವರ ಮನೆಗೆ ಹಾಲು, ಶಾವಿಗೆ, ಸಕ್ಕರೆ, ಗೋಡಂಬಿ, ಖರ್ಜೂರ ಹಾಗೇ ಹಸಿಯಾಗಿ. ಯಾರ ಮನೆಗೆ ಯಾವುದು ಎಂಬ ಲೆಕ್ಕ ಅಮ್ಮಿಯ ತಲೆಯಲ್ಲಿತ್ತು. ಅವರ ಪೂಜೆಗೆ ನಾವು ಕೂರಲಿಲ್ಲ, ನಮ್ಮ ನಮಾಝ್‌ಗೆ ಅವರು ನಿಲ್ಲಲಿಲ್ಲ. ಆದರೆ ತಟ್ಟೆಗಳು ಓಡಾಡುತ್ತಿದ್ದವು.

ಹುಟ್ಟಿದ ಊರಿನಲ್ಲಿ ಇವೆಲ್ಲ ಗಾಳಿ ನೀರಿನ ಹಾಗೆ ತಾನಾಗಿ ಬರುತ್ತವೆ. ಪರದೇಶದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ನಾನು ಕೇಳಿರಲಿಲ್ಲ.

ಖಾಲಾ ಹೇಳಿದ್ದು

ಮರುದಿನ ಅಸರ್ ಆದ ಮೇಲೆ ಒಂದು ತಟ್ಟೆ ಸಮೋಸ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಲ್ಲಿದ್ದವರು ಒಬ್ಬ ಹಿರಿಯ ಒಮಾನಿ ತಾಯಿ. ಎರಡು ತಿಂಗಳಲ್ಲಿ ಸಲಾಮ್ ಬಿಟ್ಟು ಬೇರೆ ಮಾತು ಆಡಿರಲಿಲ್ಲ. ಮದ್ರಸದಲ್ಲಿ ಕಲಿತ ಪುಸ್ತಕದ ಅರಬಿಯಲ್ಲಿ ವ್ಯಾಕರಣ ತಪ್ಪದಂತೆ ಪ್ರಶ್ನೆ ಕೇಳಿದೆ. ಆಕೆ ಜೋರಾಗಿ ನಕ್ಕು ಹಿಂದಿಯಲ್ಲಿ ಉತ್ತರ ಕೊಟ್ಟರು! ಮಸ್ಕತ್ ಕಡೆಯ ಎಷ್ಟೋ ಹಿರಿಯರಿಗೆ ಹಿಂದಿ ಬರುತ್ತದೆ. "ನಿನ್ನ ಅರಬಿ ಖುತ್ಬಾದ ಹಾಗಿದೆ ಮಗಳೇ" ಎಂದರು. ನಾನು ಅವರನ್ನು ಖಾಲಾ ಎಂದೆ. ಅರಬಿಯಲ್ಲೂ ನಮ್ಮ ಮನೆಮಾತಿನಲ್ಲೂ ಚಿಕ್ಕಮ್ಮ, ದೊಡ್ಡಮ್ಮನಿಗೆ ಒಂದೇ ಶಬ್ದ ಎಂಬುದು ಅಂದು ದೊಡ್ಡ ಸಮಾಧಾನವಾಗಿತ್ತು.

ಆ ರಾತ್ರಿಯ ಹೆಸರು ಕರನ್‌ಕಶೋ. ರಮಝಾನಿನ ನಡುವೆ, 14ರ ಉಪವಾಸ ಬಿಟ್ಟ ಮೇಲೆ, ಒಮಾನಿನ ಮಕ್ಕಳು ಹೊಸ ಬಟ್ಟೆ ತೊಟ್ಟು, ಕಡಲ ಚಿಪ್ಪು ಅಥವಾ ಕಲ್ಲುಗಳನ್ನು ಒಂದಕ್ಕೊಂದು ತಟ್ಟುತ್ತ, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಚಿಪ್ಪಿನ ಆ ಸದ್ದಿನಿಂದಲೇ ಹೆಸರು ಬಂತೆಂದು ಹೇಳುತ್ತಾರೆ. ಮನೆಯವರು ಮಿಠಾಯಿ, ಬಾದಾಮಿ, ಕಡಲೆಕಾಯಿ, ಚಿಲ್ಲರೆ ಹಣ ಕೊಡುತ್ತಾರೆ. ಅರ್ಧ ತಿಂಗಳು ದೊಡ್ಡವರೊಂದಿಗೆ ಉಪವಾಸಕ್ಕೆ ಹೆಜ್ಜೆ ಹಾಕಿದ ಮಕ್ಕಳಿಗೆ ಇದು ಬಹುಮಾನ, ಉಳಿದರ್ಧಕ್ಕೆ ಉತ್ಸಾಹ. ಗಲ್ಫ್‌ನ ಉದ್ದಕ್ಕೂ ಈ ರೂಢಿಯಿದೆ. ಕತಾರಿನಲ್ಲಿ ಇದು ಗರಂಗಾವೊ, ಬಹರೈನಿನಲ್ಲಿ ಗರ್ಗಾವೂನ್, ಕುವೈತ್ ಮತ್ತು ಸೌದಿಯ ಪೂರ್ವ ಭಾಗದಲ್ಲಿ ಗಿರ್ಗಿಯಾನ್. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಹಕ್ಕುಲ್ಲೈಲಾ ಎಂಬ ಹೆಸರಿನಲ್ಲಿ ರಮಝಾನಿಗೂ ಮೊದಲೇ, ಶಅಬಾನ್ ತಿಂಗಳ ಮಧ್ಯದಲ್ಲಿ ನಡೆಯುತ್ತದೆ.

ನಾನು ವಾಪಸ್ಸು ಕಳಿಸಿದ ಮೊದಲ ಗುಂಪಿನಲ್ಲಿ ಖಾಲಾರ ಮೊಮ್ಮಕ್ಕಳೂ ಇದ್ದರಂತೆ. ನಾನು ಕ್ಷಮೆ ಕೇಳುವ ಮೊದಲೇ ಅವರೆಂದರು: "ನಿಮ್ಮ ಮನೆಯ ದೀಪ ಆರಿದ್ದು ನೋಡಿದೆವು. ಮಗುವಿಗೆ ಹುಷಾರಿಲ್ಲವೇನೋ ಎಂದುಕೊಂಡು ಉಳಿದ ಮಕ್ಕಳಿಗೆ ಅತ್ತ ಹೋಗಬೇಡಿ ಎಂದೆ." ನಾನು ಅವರ ಮಕ್ಕಳ ಬಗ್ಗೆ ಕೆಟ್ಟದ್ದನ್ನು ಊಹಿಸಿದ್ದೆ. ಅವರು ನನ್ನ ಮಗಳ ಬಗ್ಗೆ ಕಾಳಜಿ ಮಾಡಿದ್ದರು.

ಇದು ದೀನೋ, ರೂಢಿಯೋ?

ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಪ್ರಶ್ನೆ ಎದ್ದಿರಬಹುದು: ಇದಕ್ಕೆ ಹದೀಸಿನಲ್ಲಿ ಆಧಾರವಿದೆಯೇ? ಒಳ್ಳೆಯ ಪ್ರಶ್ನೆಯೇ. ಖಾಲಾರನ್ನು ನಾನೂ ಕೇಳಿದೆ. "ಇದು ಇಬಾದತ್ ಎಂದು ಯಾರು ಹೇಳಿದರು? ಮಕ್ಕಳ ಸಂತೋಷ" ಎಂದರು. ಅರಬ್ ನಾಡಿನ ಉಲಮಾಗಳಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಕೆಲವರು ಇದನ್ನು ಬಿದ್‌ಅತ್ ಎಂದು ತಡೆದಿದ್ದಾರೆ. ಇನ್ನು ಕೆಲವರು ಇದು ಆರಾಧನೆಯಲ್ಲ, ನಾಡಿನ ರೂಢಿ ಎಂದು ಬಿಟ್ಟಿದ್ದಾರೆ. ಫಿಕ್ಹ್‌ನಲ್ಲಿ ನಾವು ಮೊದಲು ಕಲಿಯುವ ನಿಯಮಗಳಲ್ಲಿ ಒಂದು ಹೀಗಿದೆ: ಆರಾಧನೆಗೆ ಆಧಾರ ಬೇಕು, ರೂಢಿಯು ನಿಷಿದ್ಧವೆನ್ನಲು ಆಧಾರ ಬೇಕು. ನನಗೆ ಈ ನಿಯಮ ಬಾಯಿಪಾಠವಾಗಿತ್ತು. ಆದರೆ ನನ್ನ ಮುಂದೆ ಇರುವುದು ಆರಾಧನೆಯೋ ರೂಢಿಯೋ ಎಂದು ತಿಳಿಯಲು ಮೊದಲು ವಿಚಾರಿಸಬೇಕಲ್ಲವೇ? ನಾನು ವಿಚಾರಿಸದೆ ತೀರ್ಪು ಕೊಟ್ಟಿದ್ದೆ.

ಹೊಸ ಊರಿಗೆ ಹೋದವರು ಮೊದಲು ಏನು ಮಾಡಬೇಕೆಂಬುದಕ್ಕೆ ಪ್ರವಾದಿವರ್ಯರ(ಸ) ಜೀವನದಲ್ಲೇ ಮಾದರಿಯಿದೆ. ಮಕ್ಕಾದಿಂದ ಮದೀನಾಕ್ಕೆ ಬಂದಾಗ ಅಲ್ಲಿಯ ಯಹೂದಿಯರು ಆಶೂರಾ ದಿನ ಉಪವಾಸವಿರುವುದನ್ನು ಕಂಡರು. ಕಂಡೊಡನೆ ಅವರು ಮಾಡಿದ್ದೇನು? ಇದು ಏನು ಎಂದು ಕೇಳಿದರು. ಅಲ್ಲಾಹನು ಪ್ರವಾದಿ ಮೂಸಾರನ್ನು(ಅ) ಫಿರ್‌ಔನನಿಂದ ಪಾರು ಮಾಡಿದ ದಿನವೆಂದು ತಿಳಿದ ಬಳಿಕ ತಾವೂ ಉಪವಾಸವಿದ್ದರು, ಅನುಯಾಯಿಗಳಿಗೂ ಹೇಳಿದರು. ಮುಂದೆ, ತಮ್ಮದು ಬೇರೆಯಾಗಿ ಕಾಣಲೆಂದು ಒಂಬತ್ತರ ಉಪವಾಸವನ್ನೂ ಇಡುವ ಇಂಗಿತ ವ್ಯಕ್ತಪಡಿಸಿದರು. ಮೊದಲು ಪ್ರಶ್ನೆ, ಆಮೇಲೆ ತಿಳಿವಳಿಕೆ, ಆಮೇಲೆ ತೀರ್ಮಾನ.

ಇನ್ನೊಂದು ಘಟನೆ ನಮ್ಮ ಹೆಣ್ಣುಮಕ್ಕಳಿಗೆ ಪ್ರಿಯವಾದದ್ದು. ಒಂದು ಈದ್ ದಿನ ಅಬಿಸೀನಿಯಾದ ಜನರು ಮಸೀದಿಯಲ್ಲೇ ಈಟಿ, ಗುರಾಣಿ ಹಿಡಿದು ತಮ್ಮ ನಾಡಿನ ಆಟ ಆಡುತ್ತಿದ್ದರು. ಹಝ್ರತ್ ಉಮರ್(ರ) ತಡೆಯಲು ಹೋದಾಗ ಪ್ರವಾದಿ(ಸ) ಅವರನ್ನು ಆಡಲು ಬಿಡುವಂತೆ ಹೇಳಿದರು. ಹಝ್ರತ್ ಆಯಿಶಾ(ರ) ಪ್ರವಾದಿಯವರ(ಸ) ಹಿಂದೆ ನಿಂತು ಮನಸ್ಸು ತಣಿಯುವವರೆಗೂ ಆಟ ನೋಡಿದರು. ಈದ್ ಎಲ್ಲರದ್ದೂ ಒಂದೇ, ಸಂತೋಷ ಪಡುವ ಬಗೆ ಒಂದೊಂದು ನಾಡಿಗೆ ಒಂದೊಂದು.

ತಿಳಿಯುತ್ತಾ ಹೋದ ಹಾಗೆ

ಅಂದಿನಿಂದ ನಾನು ಖಾಲಾರ ಶಿಷ್ಯೆಯಾದೆ. ಮೊದಲ ವಾರವೇ ನನ್ನನ್ನು ಕಾಡಿದ್ದ ಒಂದು ಸಂಗತಿಯನ್ನು ಕೇಳಿಬಿಟ್ಟೆ: ಇಲ್ಲಿ ಬಹಳಷ್ಟು ಜನ ನಮಾಝ್‌ನಲ್ಲಿ ಕೈ ಕಟ್ಟದೆ ಇಳಿಬಿಟ್ಟು ನಿಲ್ಲುವುದೇಕೆ? ಒಮಾನಿನಲ್ಲಿ ಇಬಾದೀ ಪಂಥದವರು ಹೆಚ್ಚು, ಅವರ ಕ್ರಮವೇ ಹಾಗೆ. ಸುನ್ನಿಗಳಲ್ಲೂ ಮಾಲಿಕೀ ಮಝ್‌ಹಬಿನ ಅನೇಕರು ಕೈ ಇಳಿಬಿಟ್ಟೇ ನಮಾಝ್ ಮಾಡುತ್ತಾರೆ. ಹನಫಿ ಕಿತಾಬುಗಳನ್ನೇ ಓದಿದ್ದ ನನಗೆ ಇದು ಹಾಳೆಯ ಮೇಲೆ ಗೊತ್ತಿತ್ತು, ಕಣ್ಣೆದುರು ಕಂಡಿರಲಿಲ್ಲ.

ಚಂದ್ರದರ್ಶನದ ವಿಚಾರವೂ ಹಾಗೆಯೇ. ಗಲ್ಫ್ ಎಂದರೆ ಎಲ್ಲ ಕಡೆ ಒಂದೇ ದಿನ ಈದ್ ಎಂದು ನಾವು ತಿಳಿದಿರುತ್ತೇವೆ. ಒಮಾನ್ ತನ್ನದೇ ಚಂದ್ರದರ್ಶನದಂತೆ ನಡೆಯುತ್ತದೆ. 2025ರಲ್ಲಿ ಸೌದಿಯವರು ಮಾರ್ಚ್ 30ರಂದು ಈದುಲ್ ಫಿತ್ರ್ ಆಚರಿಸಿದರೆ, ಒಮಾನಿನಲ್ಲಿ ನಮ್ಮ ದೇಶದಂತೆಯೇ ಮಾರ್ಚ್ 31. ರಜೆಗಳಲ್ಲೂ ವ್ಯತ್ಯಾಸವಿದೆ. ಒಮಾನಿನಲ್ಲಿ ಮೀಲಾದ್‌ಗೂ ಮಿಅ್‌ರಾಜ್‌ಗೂ ಸರಕಾರಿ ರಜೆ; ಸೌದಿಯಲ್ಲಿ ಎರಡಕ್ಕೂ ಇಲ್ಲ. ಅಕ್ಕ ಒಂದು ದೇಶದಲ್ಲಿ, ತಂಗಿ ಇನ್ನೊಂದರಲ್ಲಿದ್ದರೆ ಫೋನಿನಲ್ಲಿ 'ನಿಮ್ಮದು ಸರಿಯಿಲ್ಲ' ಎಂದು ಜಗಳವಾಡಲು ಇಷ್ಟು ಸಾಕು.

ಈದ್‌ಗೆ ಮುನ್ನ ಊರ ಹೊರಗಿನ ಬಯಲಿನಲ್ಲಿ ಹಬ್ತಾ ಸಂತೆ ಕೂಡುತ್ತದೆ. ಆಡು, ದನ, ಮಿಠಾಯಿ, ಆಟಿಕೆ, ಮಸಾಲೆ ಎಲ್ಲ ಒಂದೇ ಕಡೆ. ನಿಝ್ವಾ ಊರಿನ ಹಬ್ತಾ ಹೆಸರುವಾಸಿ. ಈದ್‌ನ ಊಟವೆಂದರೆ ಶುವಾ: ಮಾಂಸಕ್ಕೆ ಮಸಾಲೆ ಸವರಿ, ಎಲೆಯಲ್ಲಿ ಸುತ್ತಿ, ಗೋಣಿಯಂಥ ಚೀಲಕ್ಕೆ ತುಂಬಿ, ನೆಲದ ಗುಂಡಿಯ ಕೆಂಡದಲ್ಲಿ ಮುಚ್ಚಿಬಿಡುತ್ತಾರೆ. ಒಂದೆರಡು ದಿನ ಬಿಟ್ಟು ತೆಗೆದಾಗ ಬೆರಳು ಸೋಕಿದರೆ ಬಿಡಿಸಿಕೊಳ್ಳುವಷ್ಟು ಮೆತ್ತಗೆ. ಒಂದೇ ಗುಂಡಿಯಲ್ಲಿ ಹಲವು ಮನೆಗಳ ಚೀಲಗಳು. ಯಾರ ಚೀಲ ಯಾವುದೆಂದು ಗೊತ್ತಾಗಲು ಗುರುತು ಕಟ್ಟಿರುತ್ತಾರೆ.

ಕಹ್ವಾದ ಪಾಠ ಮಾತ್ರ ಪೇಚಿನದ್ದು. ಖರ್ಜೂರ, ಹಲ್ವಾದೊಂದಿಗೆ ಪುಟ್ಟ ಬಟ್ಟಲಿನಲ್ಲಿ ಕಾಫಿ ಕೊಡುತ್ತಾರೆ. ಮುಗಿದ ಹಾಗೆ ಮತ್ತೆ ಹಾಕುತ್ತಲೇ ಇರುತ್ತಾರೆ. ಬೇಡವೆನ್ನಲು ಸಂಕೋಚಪಟ್ಟು ಆರು ಬಟ್ಟಲು ಕುಡಿದೆ. ಸಾಕೆನಿಸಿದಾಗ ಬಟ್ಟಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ ಕೊಡಬೇಕಂತೆ!

ಕೇಳುವುದು ಒಮ್ಮುಖವಾಗಿರಲಿಲ್ಲ. ಮಸ್ಕತ್‌ನಲ್ಲಿ ಹಳೆಯ ಶಿವ ದೇವಾಲಯವಿದೆ. ಶಿವರಾತ್ರಿಗೆ ಅಲ್ಲಿ ಭಾರತೀಯರ ಉದ್ದನೆಯ ಸಾಲು. "ನಿಮ್ಮ ನಾಡಿನವರು ಅಂದು ಏನು ಮಾಡುತ್ತಾರೆ?" ಎಂದು ಖಾಲಾ ಕೇಳಿದರು. ಅವರು ಅಂದು ಉಪವಾಸವಿದ್ದು ರಾತ್ರಿಯಿಡೀ ಜಾಗರಣೆ ಮಾಡುತ್ತಾರೆಂದು ಹೇಳಿದೆ. ಸದಾಶಿವ ದೇವಾಲಯವಿರುವ ಊರಿನಲ್ಲಿ ಬೆಳೆದವಳಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ?

ಅನ್ಯ ಧರ್ಮೀಯರ ನಾಡಿನಲ್ಲಿ

ಇಂದು ನಮ್ಮ ಹೆಣ್ಣುಮಕ್ಕಳು ಜರ್ಮನಿ, ಇಂಗ್ಲೆಂಡ್, ಅಮೆರಿಕಕ್ಕೂ ಹೋಗುತ್ತಿದ್ದಾರೆ. ಅಲ್ಲಿಯೂ ಮಕ್ಕಳು ಬಾಗಿಲು ತಟ್ಟುತ್ತಾರೆ. ಅಕ್ಟೋಬರ್ 31ರ ರಾತ್ರಿ ವೇಷ ತೊಟ್ಟು ಮಿಠಾಯಿ ಕೇಳುವವರು, ಜರ್ಮನಿಯಲ್ಲಿ ನವೆಂಬರ್ 11ರ ಸುಮಾರಿಗೆ ಸಂತ ಮಾರ್ಟಿನ್ ನೆನಪಿನಲ್ಲಿ ಕಾಗದದ ಲಾಂದ್ರ ಹಿಡಿದು ಹಾಡುತ್ತ ಹೋಗುವವರು, ಜನವರಿ 6ರ ಆಸುಪಾಸಿನಲ್ಲಿ ಕಿರೀಟ ಧರಿಸಿ ಬಡಮಕ್ಕಳಿಗಾಗಿ ಹಣ ಕೂಡಿಸುವವರು. ಇಲ್ಲಿ ಗೆರೆ ಇನ್ನೂ ಎಚ್ಚರದಿಂದ ಎಳೆಯಬೇಕು. ಬೇರೆಯವರ ಆರಾಧನೆಯಲ್ಲಿ ನಾವು ಪಾಲ್ಗೊಳ್ಳುವುದಿಲ್ಲ. ಆದರೆ ಮನೆಗೆ ಬಂದ ಮಗುವಿನ ಮುಖ ನೋಡಿ ನಕ್ಕು, ಸಿಹಿ ಕೊಟ್ಟು, 'ನಾವು ಇದನ್ನು ಆಚರಿಸುವುದಿಲ್ಲ, ನೀವು ಖುಷಿಯಾಗಿರಿ' ಎಂದು ಹೇಳಲು ದೀನ್ ಅಡ್ಡಿ ಬರುವುದಿಲ್ಲ. ಗೆರೆ ಎಲ್ಲಿದೆಯೆಂದು ಕಾಣಬೇಕಾದರೂ ಹಬ್ಬದ ಒಳಗೇನಿದೆಯೆಂದು ತಿಳಿದಿರಬೇಕು.

ನಮಗಿಂತ ಮೊದಲು ಈ ದಾರಿಯಲ್ಲಿ ನಡೆದ ಮಹಿಳೆಯರಿದ್ದಾರೆ. ಹಝ್ರತ್ ಅಸ್ಮಾ ಬಿಂತ್ ಉಮೈಸ್(ರ) ಕ್ರೈಸ್ತರ ಅಬಿಸೀನಿಯಾಕ್ಕೆ ಹಿಜ್ರತ್ ಹೋಗಿ ಹಲವು ವರ್ಷ ಬದುಕಿದವರು. ಹೆಣ್ಣುಮಕ್ಕಳ ಜನಾಝಾ ಒಯ್ಯುವಾಗ ದೇಹದ ಆಕಾರ ಕಾಣುವುದು ಹಝ್ರತ್ ಫಾತಿಮಾರಿಗೆ(ರ) ಸರಿಯೆನಿಸಿರಲಿಲ್ಲ. ಆಗ ಅಸ್ಮಾ(ರ), ಅಬಿಸೀನಿಯಾದಲ್ಲಿ ತಾವು ಕಂಡಿದ್ದಂತೆ ಡೋಲಿಗೆ ಕಡ್ಡಿಗಳನ್ನು ಬಾಗಿಸಿ ಮೇಲೆ ಬಟ್ಟೆ ಹೊದಿಸುವ ಕ್ರಮವನ್ನು ತೋರಿಸಿಕೊಟ್ಟರೆಂದು ವರದಿಯಿದೆ. ಪರದೇಶದಲ್ಲಿ ತಮ್ಮ ಈಮಾನನ್ನೂ ಕಾಪಾಡಿಕೊಂಡರು, ಕಣ್ಣನ್ನೂ ತೆರೆದಿಟ್ಟಿದ್ದರು. ಅಲ್ಲಿ ಕಂಡದ್ದು ಇಲ್ಲಿಯ ಹೆಣ್ಣುಮಕ್ಕಳ ಮರ್ಯಾದೆಗೆ ಉಪಯೋಗವಾಯಿತು.

ಹೊರಡುವ ಸಹೋದರಿಯರಿಗೆ

ನೀವು ಹೋದ ಮೊದಲ ವಾರದಲ್ಲೇ ಒಂದು ತಟ್ಟೆ ತಿಂಡಿ ಹಿಡಿದು ನೆರೆಮನೆಗೆ ಹೋಗಿ. ಮನೆಯಲ್ಲಿ ಅಜ್ಜಿಯಿದ್ದರೆ ಅವರನ್ನೇ ಕೇಳಿ. ಹಬ್ಬದ ವಿಚಾರ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಕೇಳಬೇಕಾದದ್ದು ಮೂರೇ ಮಾತು: ಈ ದಿನ ಏನು? ಇದು ಆರಾಧನೆಯೋ, ರೂಢಿಯೋ? ನೆರೆಯವರಿಂದ ನೀವು ಏನು ನಿರೀಕ್ಷಿಸುತ್ತೀರಿ? ಮಕ್ಕಳಿಗೆ ಶಾಲೆಯಲ್ಲಿ ಹಬ್ಬ ಮಾಡಿಸುತ್ತಾರೆಂದರೆ ಶಿಕ್ಷಕಿಯನ್ನು ಮೊದಲೇ ಭೇಟಿಯಾಗಿ ಕೇಳಿ. ಮಗು ಹೋಗಿ ಬಂದ ಮೇಲೆ ಗದರಬೇಡಿ. ಸಂದೇಹ ಬಂದರೆ ಆ ನಾಡಿನ ಒಬ್ಬ ಆಲಿಮರನ್ನೇ ವಿಚಾರಿಸಿ. ಅಲ್ಲಿಯ ಸಂಗತಿಯ ಒಳಹೊರಗು ಅವರಿಗೆ ತಿಳಿದಿರುತ್ತದೆ. ಮನೆಯಲ್ಲಿ ಮಕ್ಕಳೆದುರು ಆ ಊರಿನವರನ್ನು ಹಗುರವಾಗಿ ಆಡಬೇಡಿ. 'ಗಲಾಟೆ ಮಕ್ಕಳು' ಎಂದು ನಾನು ಅಂದು ಹೇಳಿದ್ದನ್ನು ನನ್ನ ಮಗಳು ಬಹಳ ದಿನ ಅಂದಾಡುತ್ತಿದ್ದಳು.

ಮರುವರ್ಷ ಕರನ್‌ಕಶೋ ಬಂದಾಗ ದೊಡ್ಡ ಬುಟ್ಟಿ ತುಂಬಿಸಿಟ್ಟಿದ್ದೆ. ಬಾದಾಮಿ, ಚಾಕಲೇಟ್, ಜೊತೆಗೆ ಊರಿನಿಂದ ಅಮ್ಮಿ ಕಳಿಸಿದ ಕೊಬ್ಬರಿ ಮಿಠಾಯಿ. ಸಂಜೆಯಿಂದಲೇ ಬಾಗಿಲು ತೆರೆದಿತ್ತು. ಖಾಲಾ ಹೊಲಿಸಿಕೊಟ್ಟ ಜರಿ ಉಡುಪು ತೊಟ್ಟ ನನ್ನ ಮಗಳು ಕೊರಳಿಗೆ ಚೀಲ ಹಾಕಿಕೊಂಡು ಅವರ ಮೊಮ್ಮಕ್ಕಳ ಕೈ ಹಿಡಿದು ಹೊರಟಳು. ಒಬ್ಬ ಪುಟ್ಟ ಹುಡುಗ ಕೊಬ್ಬರಿ ಮಿಠಾಯಿಯನ್ನು ಮೂಸಿ ನೋಡಿ, ಇದೇನು ಎಂದು ಕೇಳಿದ. ಎಷ್ಟು ಸಂತೋಷವಾಯಿತೆಂದರೆ, ನಮ್ಮ ಊರಿನ ತೆಂಗಿನ ತೋಟದಿಂದ ಹಿಡಿದು ಅಮ್ಮಿಯ ಬಾಣಲೆಯವರೆಗೆ ಎಲ್ಲವನ್ನೂ ಆ ಖುತ್ಬಾದ ಅರಬಿಯಲ್ಲೇ ಹೇಳಿಬಿಟ್ಟೆ. ಅರ್ಥವಾಯಿತೋ ಇಲ್ಲವೋ, ಇನ್ನೆರಡು ಮಿಠಾಯಿ ತೆಗೆದುಕೊಂಡು ಓಡಿದ.

ಈಗ ಊರಿಗೆ ಮರಳಿ ಮತ್ತೆ ಪಾಠ ಹೇಳುತ್ತಿದ್ದೇನೆ. ನಮ್ಮ ನುಗ್ಗೇಹಳ್ಳಿಗೂ ಹೊರಗಿನವರು ಬಂದು ನೆಲೆಸುತ್ತಾರೆ. ಬೇರೆ ರಾಜ್ಯದಿಂದ ಬಂದ ಹಿಂದೂ ಮಹಿಳೆಯೊಬ್ಬರು ಒಮ್ಮೆ ಹಿಂಜರಿಯುತ್ತ, "ತಪ್ಪು ತಿಳಿಯಬೇಡಿ, ನಿಮ್ಮ ರಮಝಾನ್ ಒಂದೊಂದು ವರ್ಷ ಒಂದೊಂದು ತಿಂಗಳಲ್ಲಿ ಬರುತ್ತದಲ್ಲ, ಏಕೆ?" ಎಂದು ಕೇಳಿದರು. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು, ಅದಕ್ಕೇ ಪ್ರತಿವರ್ಷ ಹಿಂದಕ್ಕೆ ಸರಿಯುತ್ತದೆ ಎಂದು ಹೇಳಿ, ಒಳಗೆ ಕರೆದು ಕೂರಿಸಿದೆ. ತಪ್ಪು ತಿಳಿಯುವುದೆಲ್ಲಿ ಬಂತು? ಕೇಳಲು ಅವರು ತೋರಿದ ಧೈರ್ಯ ನನಗೆ ಸೀಬ್‌ನಲ್ಲಿ ಇರಲಿಲ್ಲ.

ನಮ್ಮನ್ನು ಜನಾಂಗ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಅರಿತುಕೊಳ್ಳಲೆಂದು ಅಲ್ಲಾಹನೇ ತಿಳಿಸಿದ್ದಾನೆ. ಆ ಅರಿವಿಗೆ ನಮ್ಮ ಮನೆಯ ಬಾಗಿಲು ಮುಚ್ಚದಿರಲಿ. ಆಮೀನ್.